ನಮ್ಮನೆ ಕೂರ್ಮಪ್ಪನ ಕೋಪ

"ಡಾಕ್ಟ್ರೇ, ಬೇಗ ಬನ್ನಿ, ನಿಮ್ಮ ಆಮೆ ನನ್ನ ಬೂಟು ತಳ್ಕೊಂಡು ಹೋಗ್ತಾ ಇದೆ!"

2022ರ ಗಣೇಶ ಹಬ್ಬದ ವಾರಾಂತ್ಯ. ಬೇ ಏರಿಯಾದಲ್ಲಿ ಇದ್ದವರಿಗೆಲ್ಲ ಆ ಬಿಸಿಲು ನೆನಪಿರಬಹುದು. ಲಿವರ್‌ಮೋರ್‌ನಲ್ಲಿ 116 ಡಿಗ್ರಿ ದಾಖಲಾದದ್ದು ಆಗಲೇ. ಫ್ರೀಮಾಂಟಿನ ನಮ್ಮ ಮನೆಗೆ ಸಂಜೆ ಹತ್ತು ಹನ್ನೆರಡು ಕುಟುಂಬಗಳು ಊಟಕ್ಕೆ ಬಂದಿದ್ದವು. ಒಳಗೆ ಸೆಖೆ ಎಂದು ಎಲ್ಲರೂ ಹಿತ್ತಲಲ್ಲಿ ಸೇರಿ, ಬೂಟು ಚಪ್ಪಲಿಗಳನ್ನು ಪ್ಯಾಟಿಯೋದ ಮೆಟ್ಟಿಲ ಬಳಿ ಬಿಟ್ಟಿದ್ದರು. ನಮಗೆಲ್ಲ ಬೆಂದುಹೋಗುವಂಥ ಆ ದಿನ ನಮ್ಮ ಕೂರ್ಮಪ್ಪನಿಗೆ ಮಾತ್ರ ತವರುಮನೆಗೆ ಹೋದಷ್ಟು ಉಲ್ಲಾಸ. ಅಷ್ಟು ಚಪ್ಪಲಿಗಳ ನಡುವೆ ಒಂದು ಜೊತೆ ಕಪ್ಪು ಬೂಟನ್ನೇ ಆರಿಸಿಕೊಂಡು, ತಲೆ ಒಳಗೆಳೆದುಕೊಂಡು, ಗುದ್ದಿ ಗುದ್ದಿ ಬೇಲಿಯ ತನಕ ತಳ್ಳಿಕೊಂಡು ಹೋಗಿದ್ದ. ಎಲ್ಲರ ಫೋನುಗಳೂ ಹೊರಬಂದವು. ಬೂಟಿನ ಯಜಮಾನರು ಅದನ್ನು ಬಿಡಿಸಿಕೊಳ್ಳಲು ಹೋದಾಗ ಅವರ ಕಣಕಾಲಿಗೂ ಒಂದು ಬಿತ್ತು. ನಗುವೋ ನಗು. ನಾನೂ ನಕ್ಕೆ. ಹತ್ತು ದಿನಗಳ ನಂತರ ಆ ನಗು ನನಗೆ ಚುಚ್ಚಲಿಕ್ಕಿತ್ತು ಎಂದು ಆಗ ಹೇಗೆ ಗೊತ್ತಾಗಬೇಕು?

ಕೂರ್ಮಪ್ಪ ನಮ್ಮ ಮನೆಗೆ ಬಂದದ್ದು 2012ರಲ್ಲಿ. ಮಗನಿಗೆ ಆಗ ಒಂಬತ್ತು ವರ್ಷ. ನಾಯಿ ಬೇಕೆಂದು ಹಟ. ಸೋಫಾದ ಮೇಲೆಲ್ಲ ಕೂದಲು ಎಂದು ನನ್ನ ಶ್ರೀಮತಿಯ ವೀಟೋ. ಅದೇ ಹೊತ್ತಿಗೆ ಟೆಕ್ಸಾಸಿಗೆ ಹೊರಟಿದ್ದ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಆಮೆಯನ್ನು ಯಾರಿಗಾದರೂ ಕೊಡಬೇಕೆಂದಿದ್ದರು. ಆಗ ಅದು ಊಟದ ತಟ್ಟೆಗಿಂತ ಚಿಕ್ಕದು. "ಕೂದಲಿಲ್ಲ, ಬೊಗಳುವುದಿಲ್ಲ, ಹುಲ್ಲು ತಿಂದುಕೊಂಡಿರುತ್ತದೆ" ಎಂದರು ಆ ಪುಣ್ಯಾತ್ಮರು. ಎಷ್ಟು ದೊಡ್ಡದಾಗುತ್ತದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಔಷಧಿ ಬರೆಯುವ ಮುಂಚೆ ಅದರ ಅಡ್ಡ ಪರಿಣಾಮಗಳನ್ನು ಓದಬೇಕೆಂದು ಕಿರಿಯ ವೈದ್ಯರಿಗೆ ಪಾಠ ಹೇಳುವವನು ನಾನು!

ಅದು ಸಲ್ಕಾಟಾ ಜಾತಿಯ ಆಮೆ. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ತೆಂಕಣ ಅಂಚಿನ ಸಾಹೆಲ್ ಪ್ರದೇಶ, ಅಂದರೆ ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾದ ತನಕ, ಅದರ ನೆಲೆ. ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಪ್ರಪಂಚದಲ್ಲೇ ದೊಡ್ಡದು. ಗಂಡು ನೂರು ಪೌಂಡು ದಾಟುವುದು ಸಾಮಾನ್ಯ, ಆಯಸ್ಸು ಎಪ್ಪತ್ತು ವರ್ಷ ದಾಟಬಹುದು. ಇಂಥದ್ದನ್ನು ಅಂಗೈಯಗಲದ ಮರಿಯಾಗಿದ್ದಾಗ ಕೊಂಡು, ಹತ್ತು ವರ್ಷದ ನಂತರ ತಲೆಯ ಮೇಲೆ ಕೈ ಹೊತ್ತು ಕೂತವರು ಕ್ಯಾಲಿಫೋರ್ನಿಯಾದಲ್ಲಿ ಬೇಕಾದಷ್ಟು ಜನ. ನಾನೂ ಅವರಲ್ಲೊಬ್ಬ.

ಹೆಸರಿಟ್ಟವರು ನನ್ನ ಅಮ್ಮ. ಆ ವರ್ಷ ಅಪ್ಪನ ಜೊತೆ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಮೊದಲ ದಿನ ಅಮ್ಮನ ಮುಖ ಸಪ್ಪಗಾಗಿತ್ತು. "ಆಮೆ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತ ನಮ್ಮ ಕಡೆ ಹೇಳ್ತಾರೆ ಕಣೋ." ನಮ್ಮದು ಚಿಂತಾಮಣಿ ಕಡೆಯ ಹಳ್ಳಿ. ಅಪ್ಪ ತಕ್ಷಣ, "ಮಂದರ ಪರ್ವತ ಹೊತ್ತಿದ್ದು ಯಾರೇ? ಅದು ಹೊಕ್ಕಿದ್ದಕ್ಕೇ ತಾನೆ ಲಕ್ಷ್ಮಿ ಹುಟ್ಟಿ ಬಂದಿದ್ದು?" ಎಂದರು. ಅಮ್ಮ ಸ್ವಲ್ಪ ಯೋಚಿಸಿ, "ಹಾಗಾದ್ರೆ ಕೂರ್ಮಪ್ಪ ಅಂತ ಕರೀರಿ" ಎಂದು ರಾಜಿಯಾದರು.

ಆಮೆ ಎಂದರೆ ಅಮ್ಮನ ಕಣ್ಣ ಮುಂದೆ ಬರುತ್ತಿದ್ದದ್ದು ನಮ್ಮ ಹೊಲದ ನಕ್ಷತ್ರ ಆಮೆ. ಮೊದಲ ಮಳೆ ಬಿದ್ದ ಮೇಲೆ ಕಡಲೆಕಾಯಿ ಹೊಲದ ಬದುವಿನಲ್ಲಿ, ಬೆನ್ನ ಮೇಲೆ ಹಳದಿ ನಕ್ಷತ್ರಗಳ ರಂಗೋಲಿ ಹೊತ್ತು ಒಂದೊಂದು ಕಾಣಿಸಿಕೊಳ್ಳುತ್ತಿತ್ತು. ಮುಟ್ಟಿದರೆ ತಲೆ ಕಾಲು ಎಲ್ಲ ಒಳಕ್ಕೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳನ್ನು ಗೆದ್ದವನನ್ನು ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಗೆ ಹೋಲಿಸಿದೆಯಲ್ಲ, ಆ ಹೋಲಿಕೆಗೆ ಇಂಥ ಸಾಧು ಆಮೆಯೇ ಆಧಾರವಾಗಿರಬೇಕು. ಸೆಪ್ಟೆಂಬರ್ ತಿಂಗಳ ಗಂಡು ಸಲ್ಕಾಟಾವನ್ನು ನೋಡಿದ ಯಾರೂ ಅಂಥ ಉಪಮೆಗೆ ಕೈಹಾಕಲಾರರು. (ನಡುವೆ ಒಂದು ಮಾತು. ಊರಿಗೆ ಹೋದಾಗ ಯಾರಾದರೂ ಅದೃಷ್ಟಕ್ಕೆಂದು ನಕ್ಷತ್ರ ಆಮೆ ಸಾಕುತ್ತಿದ್ದರೆ ದಯವಿಟ್ಟು ತಿಳಿಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಕಳ್ಳಸಾಗಣೆಯಲ್ಲಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತರಬೇಕಾಯಿತು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಪೂರ್ಣ ನಿಷೇಧ ಬಿತ್ತು.)

2016ರಲ್ಲಿ ಅಪ್ಪ ತೀರಿಕೊಂಡರು. ಗ್ರೀನ್ ಕಾರ್ಡ್ ಮಾಡಿಸಿ ಅಮ್ಮನನ್ನು ನಮ್ಮ ಜೊತೆಗೇ ಕರೆತಂದೆವು. ಮಗ ಕಾಲೇಜಿಗೆಂದು ಸ್ಯಾನ್ ಡಿಯಾಗೋಗೆ ಹೋದ. ನಾನು ಆಸ್ಪತ್ರೆಗೆ, ಶ್ರೀಮತಿ ಆಫೀಸಿಗೆ. ಮನೆಯಲ್ಲಿ ಉಳಿದವರು ಅಮ್ಮ ಮತ್ತು ಕೂರ್ಮಪ್ಪ.

ಈಗ ಆ ಹತ್ತು ದಿನದ ನಂತರದ ಬೆಳಿಗ್ಗೆಗೆ ಬರೋಣ. ಬೇ ಏರಿಯಾದ ನಮ್ಮ ಅಜ್ಜಿಯರ ಯೂನಿಫಾರಂ ನಿಮಗೆ ಗೊತ್ತೇ ಇದೆ: ಸೀರೆ, ಸ್ವೆಟರ್, ಕಾಲುಚೀಲ, ಅದರ ಮೇಲೆ ಚಪ್ಪಲಿ. ಅಮ್ಮನದು ಕಪ್ಪು ಕಾಲುಚೀಲ. ತುಳಸಿಗೆ ನೀರು ಹಾಕಿ ಪ್ರದಕ್ಷಿಣೆ ಬರುತ್ತಿದ್ದರಂತೆ. ಹಿಂದಿನಿಂದ ಗುದ್ದು. ಮುಂದಕ್ಕೆ ಬಿದ್ದು ಕೈ ಊರಿದರು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. 78 ವರ್ಷದ ಎಲುಬು! ಸೊಂಟದ ಮೂಳೆ ಮುರಿದಿದ್ದರೆ ಏನಾಗುತ್ತಿತ್ತು ಎಂಬುದು ನನ್ನಂಥವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದಿನವೂ ನೋಡುವುದು ಅದನ್ನೇ.

ಆ ಸಂಜೆ ನಾನು ಹಿತ್ತಲಿಗೆ ಹೋಗಿ ಕೂರ್ಮಪ್ಪನಿಗೆ ಬಾಯಿಗೆ ಬಂದಂತೆ ಬೈದೆ, ಬೂಟುಗಾಲಿನಿಂದ ಹಿಂದಕ್ಕೆ ತಳ್ಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಬಂದು ಇನ್ನೂ ಜೋರಾಗಿ ಗುದ್ದಿದ. ತಳ್ಳಿದಷ್ಟೂ ಅವನ ಹುರುಪು ಹೆಚ್ಚಿತು. ಒಂದೈದು ನಿಮಿಷ ಐವತ್ತು ದಾಟಿದ ಎಂ.ಡಿ. ಒಬ್ಬರಿಗೂ ಒಂದು ಆಮೆಗೂ ಹೀಗೇ ಕುಸ್ತಿ ನಡೆಯಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಶ್ರೀಮತಿ, "ರೀ, ಸಾಕು ಬನ್ನಿ, ಪಕ್ಕದ ಮನೆಯವರು ನೋಡ್ತಿದಾರೆ" ಎಂದಳು.

ಇದಕ್ಕೆ ಮುಂಚೆಯೇ ನಾನೊಂದು ದೊಡ್ಡ ತಪ್ಪು ಮಾಡಿಯಾಗಿತ್ತು. 2019ರ ಸುಮಾರಿಗೆ ಅವನ ಗುದ್ದಾಟ ಶುರುವಾದಾಗ, ಪಾಪ ಒಂಟಿತನ ಇರಬೇಕು ಎಂದು ನಾನೇ ರೋಗನಿರ್ಣಯ ಮಾಡಿ, ಗೆಳೆಯರ ಮನೆಯ ಸಲ್ಕಾಟಾವನ್ನು ಒಂದು ಶನಿವಾರ ಕರೆಸಿದ್ದೆ. ಅದೂ ಗಂಡು ಎಂದು ಯಾರಿಗೂ ಗೊತ್ತಿರಲಿಲ್ಲ. ಗಂಡಿನ ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಾಗಿರುತ್ತದೆ, ಬಾಲ ಉದ್ದ ಮತ್ತು ದಪ್ಪ; ಆದರೆ ಮರಿಯಲ್ಲಿ ಇದು ತಿಳಿಯುವುದಿಲ್ಲ. ಗಂಟಲ ಕೆಳಗೆ ಚಿಪ್ಪಿನದೇ ಒಂದು ಕವಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದು ಅವುಗಳ ಹಾರೆ. ಅದನ್ನು ಎದುರಾಳಿಯ ಅಡಿಗೆ ತೂರಿಸಿ, ಎತ್ತಿ, ಮಗುಚಿಹಾಕುತ್ತವೆ. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಅತಿಥಿ ಅಂಗಾತ ಬಿದ್ದು ಕಾಲು ಬಡಿಯುತ್ತಿತ್ತು. ಆಮೆಯ ಶ್ವಾಸಕೋಶ ಬೆನ್ನ ಚಿಪ್ಪಿಗೆ ತಾಗಿಕೊಂಡಿದೆ. ಮಗುಚಿ ಬಿದ್ದರೆ ಕರುಳು, ಹೊಟ್ಟೆಗಳ ಭಾರವೆಲ್ಲ ಅದರ ಮೇಲೆ. ಜೊತೆಗೆ ಬಿಸಿಲೂ ಇದ್ದರೆ ಸಾಯುತ್ತದೆ. ಅಂದು ನೋಡಿದ್ದರಿಂದ ಉಳಿಯಿತು. ಎರಡು ಗಂಡುಗಳನ್ನು ಒಂದೇ ಆವರಣದಲ್ಲಿ ಬಿಡಲೇಬಾರದು. ಗಂಡು ಹೆಣ್ಣಿನ ಜೋಡಿಯೂ ಸುಖವಲ್ಲ, ಹೆಣ್ಣಿಗೆ ಬಿಡುವೇ ಇಲ್ಲದಂತೆ ಕಾಟ. ಒಂಟಿತನ ಎಂಬುದು ನಮ್ಮ ಕಾಯಿಲೆ. ಆಮೆಗೆ ಅಂಟಿಸಿದ್ದು ನಾನು.

ಕೊನೆಗೆ, ಅಮ್ಮನ ಕೈಗೆ ಪ್ಲಾಸ್ಟರ್ ಹಾಕಿಸಿದ ಮರುವಾರ, ಸರೀಸೃಪಗಳನ್ನು ನೋಡುವ ಪಶುವೈದ್ಯೆಯೊಬ್ಬರ ಬಳಿ ಹೋದೆ. ಅವನನ್ನು ವ್ಯಾನಿಗೆ ಹತ್ತಿಸಲು ಇಬ್ಬರು ಬೇಕಾಯಿತು: 78 ಪೌಂಡು. ಅಮ್ಮನಿಗೆ ವರ್ಷ ಎಷ್ಟೋ ಅವನಿಗೆ ಪೌಂಡು ಅಷ್ಟು.

ಆಕೆ ಮೊದಲು ಮಾಡಿದ್ದು ನಾನು ಮಾಡಬೇಕಾಗಿದ್ದ ಕೆಲಸ. ಹಿಸ್ಟರಿ ತೆಗೆದುಕೊಂಡರು. ಕಚ್ಚುತ್ತದೆಯೋ, ಗುದ್ದುತ್ತದೆಯೋ? ಇವೆರಡೂ ಬೇರೆ ಬೇರೆಯಂತೆ. ಕಚ್ಚುವುದು ಎಷ್ಟೋ ಸಲ ಆಹಾರದ ಗೊಂದಲ. ಆಮೆಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ಕೆಂಪು ಹಳದಿಗಳ ಕಡೆಗೆ ಸೆಳೆತ ಹೆಚ್ಚು. ಶ್ರೀಮತಿಯ ಕಾಲಿನ ಕೆಂಪು ನೈಲ್ ಪಾಲಿಶ್ ಅವನ ಕಣ್ಣಿಗೆ ದಾಸವಾಳದ ಹೂವು! ಗುದ್ದುವುದು ಹಾಗಲ್ಲ. ಅದು ಹರೆಯಕ್ಕೆ ಬಂದ ಗಂಡು, ತನ್ನ ಎಲ್ಲೆಯೊಳಗೆ ಬಂದ ಇನ್ನೊಂದು ಗಂಡಿಗೆ ಕೊಡುವ ನೋಟಿಸು. ಎದುರಾಳಿಯ ಗುರುತು ಅವನಿಗೆ ಸ್ಥೂಲವಾಗಿಯೇ ಸಾಕು: ನೆಲಕ್ಕೆ ಹತ್ತಿರ, ಗುಂಡಗೆ, ಕಪ್ಪಗೆ, ಅಲುಗಾಡಬೇಕು. ಬೂಟಿಗೆ ಈ ನಾಲ್ಕು ಲಕ್ಷಣಗಳೂ ಉಂಟು. ತಿರುಗಿ ತಳ್ಳಿದರಂತೂ ಸಂಶಯವೇ ಬೇಡ, ಅದು ಗಂಡಾಮೆಯೇ. ನನ್ನ ಕುಸ್ತಿಯ ವಿಷಯ ಆಕೆಗೆ ಹೇಳಲಿಲ್ಲ.

ದಿಢೀರನೆ ಸ್ವಭಾವ ಬದಲಾದರೆ ಮೊದಲು ನೋವಿದೆಯೇ ನೋಡಬೇಕು ಎಂದು ಎಕ್ಸ್‌ರೇ ತೆಗೆದರು. ಇಲ್ಲಿ ನನ್ನ ವೃತ್ತಿಯ ಕುತೂಹಲ ಜಾಗೃತವಾಯಿತು. ನಮ್ಮ ದೇಹದ ಸಾರಜನಕದ ಕಸ ಹೊರಹೋಗುವುದು ಬಹುಪಾಲು ಯೂರಿಯಾ ಆಗಿ. ಅದಕ್ಕೆ ನೀರು ಬೇಕು. ಒಣನೆಲದ ಆಮೆ ನೀರು ಉಳಿಸಬೇಕಾದ್ದರಿಂದ ಯೂರಿಕ್ ಆಸಿಡ್ ಆಗಿ, ಬಿಳಿ ಸುಣ್ಣದ ತಿಳಿಯಂತೆ, ಹೊರಹಾಕುತ್ತದೆ. ನೀರು ಕಡಿಮೆಯಾದರೆ ಅದೇ ಮೂತ್ರಕೋಶದಲ್ಲಿ ಗಟ್ಟಿಯಾಗಿ ಕಲ್ಲಾಗುತ್ತದೆ, ಕೀಲುಗಳಿಗೆ ಸೇರಿದರೆ ಗೌಟ್. "ಏನು ತಿನ್ನಿಸ್ತೀರಿ?" ಎಂದರು. ಹುಲ್ಲು, ಒಣಹುಲ್ಲು ಎಂದೆ. ಅಮ್ಮ ಮಧ್ಯಾಹ್ನ ಅವನಿಗೆ ತೊವ್ವೆ ಅನ್ನ ಕಲಸಿ ಇಡುತ್ತಿದ್ದದ್ದು ನನಗೆ ಗೊತ್ತಾದದ್ದು ಆಮೇಲೆ. ದಿನಕ್ಕೆ ನಾಲ್ಕು ಮಂದಿ ಗೌಟ್ ರೋಗಿಗಳಿಗೆ ಪಥ್ಯ ಹೇಳುವವನ ಮನೆಯ ಆಮೆ! ಪುಣ್ಯಕ್ಕೆ ಕಲ್ಲಿರಲಿಲ್ಲ.

"ಈ ಬೇಸಿಗೆಯಲ್ಲಿ ಮನೆಯಲ್ಲಿ ಏನಾದರೂ ಬದಲಾಗಿದೆಯೇ?" ಎಂದರು. ಏನೂ ಇಲ್ಲ ಎಂದೆ. ಹೊರಡುವಾಗ ನೆನಪಾಯಿತು. ಜೂನ್‌ನಲ್ಲಿ ಹಿತ್ತಲ ಕಡೆಯ ಹಳೆಯ ಬಾಗಿಲು ತೆಗೆಸಿ, ನೆಲದಿಂದ ಸೂರಿನ ತನಕ ಗಾಜಿನ ದೊಡ್ಡ ಬಾಗಿಲು ಹಾಕಿಸಿದ್ದೆವು. ಆಕೆ ನಕ್ಕರು. ಬೆಳಿಗ್ಗೆ ಬಿಸಿಲು ಬಿದ್ದಾಗ ಆ ಗಾಜು ಕನ್ನಡಿ. ನಾಲ್ಕು ತಿಂಗಳಿಂದ ಕೂರ್ಮಪ್ಪನಿಗೆ ದಿನಾ ಬೆಳಿಗ್ಗೆ ಇನ್ನೊಬ್ಬ ಗಂಡಾಮೆ ಎದುರಾಗುತ್ತಿದ್ದ. ತಾನು ಎಷ್ಟು ದೊಡ್ಡವನೋ ಅವನೂ ಅಷ್ಟೇ ದೊಡ್ಡವನು, ತಾನು ಮುಂದೆ ಬಂದರೆ ಅವನೂ ಬರುತ್ತಾನೆ, ಎಂದೂ ಸೋಲುವುದಿಲ್ಲ. ಯಾರಿಗೆ ತಲೆ ಕೆಡುವುದಿಲ್ಲ ಹೇಳಿ? ಅಮ್ಮನ ತುಳಸಿ ಕುಂಡವನ್ನು ನಾವು ಆ ಹೊಸ ಬಾಗಿಲ ಪಕ್ಕಕ್ಕೇ ಸರಿಸಿದ್ದೆವು. ಅಮ್ಮ ನಿಂತಿದ್ದದ್ದು ಅವನಿಗೂ ಅವನ ಶತ್ರುವಿಗೂ ನಡುವೆ.

ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿದೆ. ಗಂಡಾಮೆಯ ವೃಷಣ ಹೊಟ್ಟೆಯೊಳಗೆ ಇರುತ್ತದೆ, ತೆಗೆಯಬಹುದು, ಆದರೆ ಅದಕ್ಕೆ ಪಳಗಿದ ಕೈ ಬೇಕು, ಅರಿವಳಿಕೆಯ ಅಪಾಯವೂ ಇದೆ. ಮೊದಲು ಜಾಗ ಸರಿಮಾಡಿ ನೋಡಿ ಎಂದರು.

ನಾನು ಮಾತ್ರ ತೀರ್ಮಾನ ಮಾಡಿಯಾಗಿತ್ತು, ಅವನನ್ನು ಕಳಿಸಿಬಿಡುವುದು. ಅದೂ ಸುಲಭವಲ್ಲ ಎಂದು ಆಮೇಲೆ ತಿಳಿಯಿತು. ಫೋನ್ ಮಾಡಿದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ: "ಸಲ್ಕಾಟಾನಾ? ಗಂಡಾ? ಪಟ್ಟಿಯಲ್ಲಿ ಹೆಸರು ಬರೆಸಿ." ಕಾಡಿಗೆ ಬಿಟ್ಟು ಬರೋಣ ಎಂದು ಒಬ್ಬ ಗೆಳೆಯರು ಸಲಹೆ ಕೊಟ್ಟರು. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಕ್ಯಾಲಿಫೋರ್ನಿಯಾದ ಸ್ವಂತ ಮರುಭೂಮಿ ಆಮೆ 1972ರಿಂದ ಈ ರಾಜ್ಯದ ಅಧಿಕೃತ ಸರೀಸೃಪ. ಕೇಂದ್ರ ಸರ್ಕಾರ 1990ರಲ್ಲಿ ಅದನ್ನು ಅಪಾಯದಲ್ಲಿರುವ ಪ್ರಾಣಿಯೆಂದು ಸಾರಿದಾಗ ಅದರ ಕಾರಣಗಳಲ್ಲಿ ಒಂದು ಶ್ವಾಸನಾಳದ ಸಾಂಕ್ರಾಮಿಕ ರೋಗ. ಸಾಕಿದ ಆಮೆಗಳನ್ನು ಹೊರಗೆ ಬಿಟ್ಟರೆ ಅಂಥ ರೋಗವನ್ನು ನಾವೇ ದಾಟಿಸಿದಂತೆ.

ಈ ಊರು ಆಮೆಗಳಿಗೆ ಮೊದಲಿಂದಲೂ ಸಾಲಗಾರ ಎನ್ನಬೇಕು. ಚಿನ್ನದ ಹುಚ್ಚಿನ ಕಾಲದಲ್ಲಿ ಗಲಾಪಗೋಸ್‌ನಿಂದ ನೂರಾರು ದೈತ್ಯ ಆಮೆಗಳನ್ನು ಹಡಗಿನಲ್ಲಿ ಜೀವಂತ ತಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಊಟಕ್ಕೆ ಮಾರುತ್ತಿದ್ದರು. ಆಮೇಲೆ 1905ರಲ್ಲಿ ಇಲ್ಲಿನ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ರೊಲೊ ಬೆಕ್ ಎಂಬಾತನ ಮುಂದಾಳತ್ವದಲ್ಲಿ ಅದೇ ದ್ವೀಪಗಳಿಗೆ ಒಂದು ಹಾಯಿಹಡಗು ಕಳಿಸಿತು. ಅವರು ಅಲ್ಲಿರುವಾಗಲೇ 1906ರ ಏಪ್ರಿಲ್ ಭೂಕಂಪ ಮತ್ತು ಬೆಂಕಿಯಲ್ಲಿ ಅಕಾಡೆಮಿಯ ಕಟ್ಟಡ ನಾಶವಾಯಿತು. ಆ ಹಡಗು ತಂದ ಸಂಗ್ರಹದಿಂದಲೇ, ಅದರಲ್ಲಿ 266 ಆಮೆಗಳೂ ಇದ್ದವು, ಮ್ಯೂಸಿಯಂ ಮತ್ತೆ ಎದ್ದು ನಿಂತಿತು. ಫರ್ನಾಂಡಿನಾ ದ್ವೀಪದಲ್ಲಿ ಬೆಕ್ ಹಿಡಿದ ಒಂದು ಗಂಡೇ ಆ ಜಾತಿಯ ಕೊನೆಯದು ಎಂದುಕೊಂಡಿದ್ದರು. 2019ರಲ್ಲಿ ಅಲ್ಲೇ ಒಂದು ಹೆಣ್ಣು ಸಿಕ್ಕಿತು. ಗೋಲ್ಡನ್ ಗೇಟ್ ಪಾರ್ಕಿಗೆ ಮಕ್ಕಳನ್ನು ಕರೆದೊಯ್ದಾಗ ಈ ಕಥೆ ಹೇಳಿ.

ಅಂತೂ ಸೆಂಟ್ರಲ್ ವ್ಯಾಲಿಯಲ್ಲಿ ನಾಲ್ಕೆಕರೆ ಜಮೀನಿರುವ ಒಬ್ಬರು ಒಪ್ಪಿದರು. ಭಾನುವಾರ ಬಂದು ಕರೆದೊಯ್ಯುವುದು ಎಂದಾಯಿತು. ಅಮ್ಮ ಏನೂ ಹೇಳಲಿಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ, ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ನಿಂಗೆ ಅದು ಗುದ್ದಿದ ಒಂದು ದಿನ ಕಾಣ್ಸುತ್ತೆ ಕಣಪ್ಪ. ಮಿಕ್ಕಿದ ದಿನಾ ಎಲ್ಲ ಹಗಲೊತ್ತು ನನ್ ಜೊತೆ ಯಾರಿರ್ತಾರೆ?" ಎಂದರು. ಅಷ್ಟೇ. ಎದ್ದು ಮಲಗಲು ಹೋದರು.

ನನ್ನ ಕ್ಲಿನಿಕ್ಕಿಗೆ ಎಪ್ಪತ್ತು ದಾಟಿದವರು ಯಾರೇ ಬಂದರೂ ನಾನು ಕೇಳುವ ಪ್ರಶ್ನೆಗಳಲ್ಲಿ ಒಂದು, ಹಗಲು ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂಬುದು. ಕಂಪ್ಯೂಟರಿನಲ್ಲಿ ಅದಕ್ಕೊಂದು ಚೌಕವೇ ಇದೆ. ನನ್ನ ಮನೆಯ ಆ ಚೌಕದಲ್ಲಿ ಆರು ವರ್ಷದಿಂದ ಒಂದು ಆಮೆ ಇತ್ತು. ಶ್ರೀಮತಿ ಹೇಳಿದಳು, "ಅತ್ತೆ ಅದ್ರ ಹತ್ರ ಊರಿನ ಎಲ್ಲ ಸಮಾಚಾರ ಹೇಳ್ತಿರ್ತಾರೆ ರೀ, ನಿಮ್ಗೆ ಗೊತ್ತಿಲ್ವಾ?" ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಆ ಮಹನೀಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಆಮೇಲೆ ನಡೆದದ್ದು ಮೇಸ್ತ್ರಿ ಕೆಲಸ. ಗಾಜಿನ ಬಾಗಿಲಿಗೆ ಕೆಳಗಿನಿಂದ ಎರಡಡಿ ಮಬ್ಬು ಹಾಳೆ ಅಂಟಿಸಿದೆವು. ಪ್ರತಿಬಿಂಬದ ಶತ್ರು ಅಂದೇ ಊರು ಬಿಟ್ಟ. ಹಿತ್ತಲಿನ ಮುಕ್ಕಾಲು ಪಾಲನ್ನು ಅವನಿಗೇ ಬಿಟ್ಟುಕೊಟ್ಟು, ಸಿಮೆಂಟ್ ಬ್ಲಾಕಿನ ಎರಡಡಿ ಗೋಡೆ ಕಟ್ಟಿಸಿದೆ. ನೆಲದ ಕೆಳಗೂ ಒಂದಡಿ, ಏಕೆಂದರೆ ಇವು ಬಿಲ ತೋಡುವುದರಲ್ಲಿ ನಿಸ್ಸೀಮರು. ಗೋಡೆ ಗಟ್ಟಿಯಾಗಿ ಮುಚ್ಚಿರಬೇಕು. ತಂತಿ ಬೇಲಿಯ ಆಚೆ ಏನಿದೆ ಎಂದು ಕಂಡರೆ ಅಲ್ಲಿಗೇ ನುಗ್ಗುತ್ತಾನೆ, ಕಾಣದಿದ್ದರೆ ಪ್ರಪಂಚ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾನೆ. ಒಳಗೆ ಒಂದು ಮಣ್ಣಿನ ದಿಬ್ಬ, ನಾಲ್ಕು ದಾಸವಾಳದ ಗಿಡ. ಚಳಿಗಾಲಕ್ಕೆ ಬಿಸಿ ಮಾಡಿದ ಗೂಡು, ಒಳಗೆ 80 ಡಿಗ್ರಿಯ ಆಸುಪಾಸು. ಈ ಜಾತಿ ಚಳಿನಿದ್ದೆ ಮಾಡುವುದಿಲ್ಲ, ನಮ್ಮ ಜನವರಿಯ ಮಳೆಯಲ್ಲಿ ನೆನೆದರೆ ನ್ಯುಮೋನಿಯಾ. ಕರೆಂಟ್ ಬಿಲ್ಲಿನ ಬಗ್ಗೆ ಕೇಳಬೇಡಿ. ಗುದ್ದಲಿಕ್ಕೆಂದೇ ಮಗನ ಹಳೆಯ ಬಾಸ್ಕೆಟ್‌ಬಾಲ್ ಕೊಟ್ಟೆವು. ಆಹಾರವನ್ನು ಕೈಯಲ್ಲಿ ಹಿಡಿದು ತಿನ್ನಿಸುವುದು ನಿಂತಿತು. ಒಂದೇ ಜಾಗದಲ್ಲಿ ಇಟ್ಟು ಬರುವುದು. ಒಳಗೆ ಹೋದಾಗ ಎದುರು ಬಂದರೆ ತಳ್ಳುವುದಿಲ್ಲ, ಒಂದು ಹಲಗೆಯನ್ನು ಅಡ್ಡ ಹಿಡಿದು ಕಣ್ಣು ಮರೆಮಾಡುತ್ತೇನೆ. ಎದುರಾಳಿ ಮಾಯವಾದ ಮೇಲೆ ಅವನೂ ಹುಲ್ಲು ಮೇಯಲು ಹೋಗುತ್ತಾನೆ. ತುಳಸಿ ಮನೆಯ ಮುಂಭಾಗಕ್ಕೆ ಬಂತು.

ವೈದ್ಯನಾಗಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆರೋಗ್ಯವಾಗಿ ಕಾಣುವ ಆಮೆಯ ಮಲದಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದುದರಿಂದಲೇ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ಈ ದೇಶದಲ್ಲಿ ನಿಷೇಧಿಸಿದರು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಸೋಪು ಹಾಕಿ ಕೈತೊಳೆಯದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಅಮ್ಮನಿಗೆ ಇದು ಕಷ್ಟವಾಗಲಿಲ್ಲ. "ಮಡಿ ಅಂತ ನಾವು ಹೇಳಿದ್ರೆ ನಗ್ತಿದ್ರಿ" ಎಂದರು.

ಅವನ ಸ್ವಭಾವ ಪೂರ್ತಿ ಬದಲಾಯಿತೇ? ಇಲ್ಲ. ಬೇಸಿಗೆಯ ಕೊನೆ ಬಂತೆಂದರೆ ಈಗಲೂ ಬಾಸ್ಕೆಟ್‌ಬಾಲಿಗೆ ಉಳಿಗಾಲವಿಲ್ಲ, ಎರಡು ವರ್ಷದಲ್ಲಿ ಮೂರು ಒಡೆದಿವೆ. ಮನುಷ್ಯರ ಮೇಲೆ ಬರುವುದು ಬಹಳ ಕಡಿಮೆಯಾಗಿದೆ. ನಂಬಿ ಬೆನ್ನು ತೋರಿಸುವುದಿಲ್ಲ, ಅಷ್ಟೇ. ಅಮ್ಮನ ಕೈ ಕೂಡಿಕೊಂಡಿತು. ಚಳಿ ಬಂದಾಗ ಸ್ವಲ್ಪ ನೋವು, ಚಪಾತಿ ಲಟ್ಟಿಸುವುದು ಮಾತ್ರ ಬಿಟ್ಟಿದ್ದಾರೆ. ನಾನು ಬುಧವಾರದ ಮಧ್ಯಾಹ್ನಗಳನ್ನು ಬಿಡುವು ಮಾಡಿಕೊಂಡಿದ್ದೇನೆ. ಗೋಡೆಯ ಈಚೆ ಎರಡು ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಅಮ್ಮ ಮಾತಾಡುವುದು ಹೆಚ್ಚಾಗಿ ಕೂರ್ಮಪ್ಪನ ಹತ್ತಿರವೇ. ಚಿಂತಾಮಣಿಯಲ್ಲಿ ಯಾರ ಮಗಳ ಮದುವೆ ಎಲ್ಲಿಗೆ ಗೊತ್ತಾಯಿತು ಎಂಬ ಸುದ್ದಿ ನನಗೆ ಸಿಗುವುದು ಹಾಗೆಯೇ.

ಈ ಸಂಚಿಕೆ ಓದಿ ಯಾರಿಗಾದರೂ ಅವನನ್ನು ನೋಡುವ ಮನಸ್ಸಾದರೆ ಖಂಡಿತ ಬನ್ನಿ, ಬುಧವಾರವೇ ಬನ್ನಿ, ಕಾಫಿಯೂ ಇರುತ್ತದೆ. ಕಪ್ಪು ಬೂಟು ಮಾತ್ರ ಹಾಕಿಕೊಂಡು ಬರಬೇಡಿ.